ಕಲ್ಲಿನ ಮೈ, ತಕ್ಕಡಿಯ ಮೈ

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ಕಾವೇರಿಯ ಎಡದಂಡೆಯ ಬಳಿ ಸೋಮನಾಥಪುರವಿದೆ. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಹದಿಮೂರನೆಯ ಶತಮಾನದ ನಡುಭಾಗದಲ್ಲಿ ಇಲ್ಲಿ ಕಟ್ಟಿಸಿದ ಕೇಶವ ದೇವಾಲಯವನ್ನು ನೋಡದ ಶಾಲಾ ಪ್ರವಾಸ ಮೈಸೂರು ಸೀಮೆಯಲ್ಲಿ ಅಪರೂಪ. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಇದೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬೇಲೂರನ್ನು ಮೊದಲೇ ನೋಡಿ ಬಂದ ವಿದ್ಯಾರ್ಥಿಗಳು ಇಲ್ಲಿಯ ಹೊರಗೋಡೆಯನ್ನು ಸುತ್ತುವಾಗ ಒಂದು ಪ್ರಶ್ನೆ ಕೇಳುವುದುಂಟು: 'ಇಲ್ಲಿಯ ಬೊಂಬೆಗಳೇಕೆ ಇಷ್ಟು ದಪ್ಪ?'

ಪ್ರಶ್ನೆಯಲ್ಲಿ ಹುರುಳಿದೆ. ಬೇಲೂರಿನ ಮದನಿಕೆಯರ ಬಳುಕು ಇಲ್ಲಿಲ್ಲ. ಸೋಮನಾಥಪುರದ ದೇವ ದೇವಿಯರು ಸ್ವಲ್ಪ ಗಿಡ್ಡ. ತುಂಬಿದ ತೋಳು, ದುಂಡು ಮುಖ, ಮೈ ತುಂಬ ಒಡವೆ. ನರ್ತಿಸುವ ಗಣಪತಿಯಂತೂ ಹೊಟ್ಟೆಯನ್ನು ಮರೆಮಾಚುವ ಗೋಜಿಗೇ ಹೋಗುವುದಿಲ್ಲ. ಮಲ್ಲಿತಮ್ಮನೆಂಬ ಶಿಲ್ಪಿ ಇಲ್ಲಿಯ ನಲವತ್ತಕ್ಕೂ ಹೆಚ್ಚು ಮೂರ್ತಿಗಳ ಪೀಠದಲ್ಲಿ ತನ್ನ ಹೆಸರು ಬರೆದುಕೊಂಡಿದ್ದಾನೆ. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1917ರಲ್ಲಿ ಈ ದೇವಾಲಯದ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿ ಈ ಶಿಲ್ಪಿಗಳ ಹೆಸರುಗಳನ್ನು ಲೋಕಕ್ಕೆ ತಿಳಿಸಿದರು.

ಪ್ರಶ್ನೆ ಕೇಳಿದ ವಿದ್ಯಾರ್ಥಿಗಳ ತರಗತಿಯಲ್ಲೇ ಒಬ್ಬ 'ಡುಮ್ಮ', ಒಬ್ಬ 'ನರಪೇತಲ' ಇದ್ದೇ ಇರುತ್ತಾರೆ. ಶಾಲಾ ಆರೋಗ್ಯ ತಪಾಸಣೆಯ ದಿನ ತೂಕದ ಯಂತ್ರದ ಮೇಲೆ ನಿಲ್ಲಿಸಿ ಸಂಖ್ಯೆಯನ್ನು ಗಟ್ಟಿಯಾಗಿ ಕೂಗುವ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಇತ್ತೀಚೆಗೆ ಇದಕ್ಕೆ ಪ್ರತಿಯಾಗಿ ಇನ್ನೊಂದು ದನಿಯೂ ಕೇಳಿಬರುತ್ತಿದೆ: 'ಬಾಡಿ ಪಾಸಿಟಿವಿಟಿ', ಅಂದರೆ ಮೈ ಹೇಗಿದೆಯೋ ಹಾಗೆಯೇ ಅದನ್ನು ಗೌರವಿಸುವ ಚಳವಳಿ. ವೈದ್ಯರು ಬೊಜ್ಜನ್ನು ರೋಗವೆನ್ನುತ್ತಾರೆ. ಚಳವಳಿಗಾರರು ಆ ಹೆಸರೇ ಅವಮಾನವೆನ್ನುತ್ತಾರೆ. ಎರಡು ಕಡೆಯವರೂ ಕಣ್ಣಿಗೆ ಕಾಣುವ ಮೈಯನ್ನು ಮುಂದಿಟ್ಟುಕೊಂಡೇ ವಾದಿಸುತ್ತಾರೆ. ಆದರೆ ಕಣ್ಣಿಗೆ ಕಾಣುವ ಮೈ ಒಳಗಿನ ಆರೋಗ್ಯದ ಬಗ್ಗೆ ಎಷ್ಟು ಹೇಳುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕುವಲ್ಲಿ ಸೋಮನಾಥಪುರದಿಂದ ಹೆಚ್ಚು ದೂರವಿಲ್ಲದ ಮೈಸೂರು ನಗರದ ಒಂದು ಆಸ್ಪತ್ರೆಯ ಹಳೆಯ ದಾಖಲೆಗಳಿಗೆ ದೊಡ್ಡ ಪಾತ್ರವಿದೆ. ಅಲ್ಲಿಗೆ ಹೋಗುವ ಮುನ್ನ, ಮೈಯನ್ನು ಅಳೆಯುವ ರೂಢಿ ಹೇಗೆ ಬೆಳೆಯಿತೆಂಬುದನ್ನು ನೋಡೋಣ.

ತಾಳದ ಲೆಕ್ಕ

ನಮ್ಮ ಶಿಲ್ಪಶಾಸ್ತ್ರದಲ್ಲಿ ಮೂರ್ತಿಯ ಅಳತೆಗೆ 'ತಾಳ' ಎಂಬ ಮಾನವಿದೆ. ಒಂದು ತಾಳವೆಂದರೆ ಆ ಮೂರ್ತಿಯ ಮುಖದ ಉದ್ದ. ಅದನ್ನು 12 ಅಂಗುಲಗಳಾಗಿ ವಿಭಾಗಿಸುತ್ತಾರೆ. ನವತಾಳದ ಮೂರ್ತಿಯ ಎತ್ತರ 108 ಅಂಗುಲ. ಮುಖ 12, ಕುತ್ತಿಗೆ 4, ಅಲ್ಲಿಂದ ಎದೆಯವರೆಗೆ 12, ಎದೆಯಿಂದ ಹೊಕ್ಕುಳಿಗೆ 12, ಅಲ್ಲಿಂದ ತೊಡೆಯ ಬುಡಕ್ಕೆ 12, ತೊಡೆ 24, ಮಂಡಿ 4, ಮೊಣಕಾಲಿನ ಕೆಳಗೆ 24, ಪಾದ 4. ಕೂಡಿಸಿ ನೋಡಿ, ಲೆಕ್ಕ ಸರಿಹೋಗುತ್ತದೆ. ಇಲ್ಲಿ ಅಂಗುಲವೆಂದರೆ ಅಂಗಡಿಯ ಅಳತೆಪಟ್ಟಿಯ ಅಂಗುಲವಲ್ಲ. ಆಯಾ ಮೂರ್ತಿಯ ದೇಹದಿಂದಲೇ ಹುಟ್ಟಿದ ಅಂಗುಲ. ಆದ್ದರಿಂದ ಅಡಿ ಎತ್ತರದ ಮೂರ್ತಿಗೂ ಆಳೆತ್ತರದ ಮೂರ್ತಿಗೂ ಒಂದೇ ಲೆಕ್ಕ ಸಾಕು.

ಇನ್ನೊಂದು ವಿಶೇಷವನ್ನೂ ಗಮನಿಸಬೇಕು. ಎಲ್ಲ ದೇಹಗಳಿಗೂ ನವತಾಳವೇ ಆಗಬೇಕೆಂಬ ಕಟ್ಟಳೆ ಇಲ್ಲ. ಮುಖ್ಯ ದೇವತೆಗಳಿಗೆ 124 ಅಂಗುಲದ ಉತ್ತಮ ದಶತಾಳ, ಗಣಪತಿಗೆ ಪಂಚತಾಳ, ಕುಬ್ಜರಿಗೆ ಚತುಸ್ತಾಳ ಎಂದು ಬೇರೆ ಬೇರೆ ಮಾನಗಳಿವೆ. ಗಣಪತಿ ಕೆಟ್ಟುಹೋದ ನವತಾಳವಲ್ಲ, ಸರಿಯಾದ ಪಂಚತಾಳ. ಹಾಗೆಂದು ಪ್ರಾಚೀನರು ಎಲ್ಲ ದೇಹಗಳನ್ನೂ ಸಮನಾಗಿ ಕಂಡರೆಂದು ಹೇಳಿದರೆ ತಪ್ಪಾದೀತು. ತಾಳಗಳಲ್ಲಿ ಮೇಲು ಕೀಳು ಇತ್ತು. ವರಾಹಮಿಹಿರನ 'ಬೃಹತ್ಸಂಹಿತೆ' ಮನುಷ್ಯರನ್ನೇ 108, 96, 84 ಅಂಗುಲವೆಂದು ಅಳೆದು ಉತ್ತಮ, ಮಧ್ಯಮ, ಅಧಮವೆಂದು ವಿಂಗಡಿಸುತ್ತದೆ.

ವೈದ್ಯ ಗ್ರಂಥಗಳು ಇನ್ನೂ ನಿಷ್ಠುರ. 'ಚರಕಸಂಹಿತೆ'ಯ ಸೂತ್ರಸ್ಥಾನದ 21ನೆಯ ಅಧ್ಯಾಯದ ಹೆಸರೇ 'ಅಷ್ಟೌನಿಂದಿತೀಯ', ಅಂದರೆ ನಿಂದೆಗೆ ಗುರಿಯಾದ ಎಂಟು ಬಗೆಯ ದೇಹಗಳ ವಿಚಾರ. ಅತಿ ಎತ್ತರ, ಅತಿ ಗಿಡ್ಡ, ಅತಿ ರೋಮ, ರೋಮವಿಲ್ಲದ್ದು, ಅತಿ ಕಪ್ಪು, ಅತಿ ಬಿಳುಪು, ಅತಿ ಸ್ಥೂಲ, ಅತಿ ಕೃಶ. ಈ ಎಂಟರಲ್ಲಿ ಕೊನೆಯ ಎರಡನ್ನು ಮಾತ್ರ ಗ್ರಂಥಕಾರ ಚಿಕಿತ್ಸೆಯ ದೃಷ್ಟಿಯಿಂದ ವಿವರವಾಗಿ ಚರ್ಚಿಸುತ್ತಾನೆ. ಸ್ಥೂಲತೆಗೆ ಅತಿಯಾದ ಊಟ, ವ್ಯಾಯಾಮವಿಲ್ಲದಿರುವುದು, ಹಗಲು ನಿದ್ದೆ, ಚಿಂತೆಯಿಲ್ಲದ ಬದುಕು ಇವುಗಳ ಜೊತೆಗೆ 'ಬೀಜಸ್ವಭಾವ'ವನ್ನೂ ಕಾರಣವಾಗಿ ಕೊಟ್ಟಿದ್ದಾನೆ. ಅನುವಂಶೀಯತೆಯ ಪಾತ್ರ ಆ ಕಾಲದ ವೈದ್ಯರಿಗೆ ಹೊಳೆದಿತ್ತೆಂಬುದು ಮೆಚ್ಚಬೇಕಾದ ಸಂಗತಿ. ಆದರೆ ಜನರ ನಿಂದೆ ಮತ್ತು ವೈದ್ಯರ ರೋಗನಿರ್ಣಯ ಒಂದೇ ಪಟ್ಟಿಯಲ್ಲಿ ಕುಳಿತಿರುವುದನ್ನೂ ನೋಡಿ. ಇಂದಿನ ವಾದದ ಬೇರು ಅಲ್ಲಿಯೇ ಇದೆ.

ತೂಕದ ಮನುಷ್ಯ

ಶಾಸ್ತ್ರ ಏನೇ ಹೇಳಲಿ, ಹಳೆಯ ಮೈಸೂರು ಸೀಮೆಯ ಸಾಮಾನ್ಯ ಜನಕ್ಕೆ ಅಂಜಿಕೆಯಿದ್ದುದು ಸೊರಗುವುದರ ಬಗ್ಗೆ. 1876ರಿಂದ 78ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದ ಬರವನ್ನು ಅಜ್ಜಿಯರು 'ಧಾತು ಬರ' ಎಂದು ಕರೆಯುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50.5 ಲಕ್ಷ. ಹತ್ತು ವರ್ಷದ ನಂತರ ಅದು 41.9 ಲಕ್ಷಕ್ಕೆ ಇಳಿದಿತ್ತು. ಇಂಥ ನೆನಪಿರುವ ನಾಡಿನಲ್ಲಿ 'ಮೈಕೈ ತುಂಬಿಕೊಂಡಿದ್ದಾರೆ' ಎಂಬುದು ಹೊಗಳಿಕೆ, 'ಯಾಕಪ್ಪಾ ಸೊರಗಿದ್ದೀಯ' ಎಂಬುದು ಮರುಕ. ಗೌರವಸ್ಥನನ್ನು ಇಂದಿಗೂ 'ತೂಕದ ಮನುಷ್ಯ' ಎನ್ನುತ್ತೇವೆ.

1930ರ ದಶಕದಲ್ಲೂ ಚಿತ್ರ ಇದೇ. ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ಶುರುವಾದ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆಗೆ ಸೇರಿದ ಬಿ.ಕೆ.ಎಸ್. ಅಯ್ಯಂಗಾರರು ರೋಗಪೀಡಿತ, ಕೃಶಕಾಯದ ಹುಡುಗ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ.ವಿ. ಅಯ್ಯರ್ ಮಾಂಸಖಂಡಗಳನ್ನು ಬೆಳೆಸುವ ವಿದ್ಯೆಯ ಬಗ್ಗೆ 1930ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಅದೇ ಅಯ್ಯರ್ ಹೊಯ್ಸಳ ರಾಣಿಯ ಕಥೆಯಾದ 'ಶಾಂತಲಾ' ಕಾದಂಬರಿಯ ಕರ್ತೃ. ದೇಹದಾರ್ಢ್ಯ ಮತ್ತು ಹೊಯ್ಸಳ ಶಿಲ್ಪ ಒಬ್ಬನೇ ಮನುಷ್ಯನ ಆಸಕ್ತಿಯಾಗಿದ್ದುದು ಆಕಸ್ಮಿಕವಿರಲಾರದು ಎಂದು ನನಗೆ ಅನ್ನಿಸುತ್ತದೆ.

ಸ್ವಾತಂತ್ರ್ಯಾನಂತರ 1950ರಲ್ಲಿ ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ (ಸಿ.ಎಫ್.ಟಿ.ಆರ್.ಐ.) ಆರಂಭವಾದಾಗಲೂ ಮುಂದಿದ್ದ ಸವಾಲು ಕೊರತೆಯೇ. ಕಡಲೆಕಾಯಿ ಹಿಂಡಿಯ ಹಿಟ್ಟು ಮತ್ತು ಕಡಲೆ ಹಿಟ್ಟಿನಿಂದ ಪ್ರೋಟೀನುಭರಿತ ಆಹಾರ, ಎಮ್ಮೆ ಹಾಲಿನಿಂದ ಶಿಶು ಆಹಾರ ಇಲ್ಲಿ ರೂಪುಗೊಂಡವು. ಬೊಜ್ಜು ಆಗ ಶ್ರೀಮಂತರ ಮನೆಯ ಮಾತು.

ಖಗೋಳಜ್ಞನ ಸೂತ್ರ

ಇಂದು ಬೊಜ್ಜನ್ನು ಅಳೆಯಲು ಬಳಸುವ ದೇಹತೂಕ ಸೂಚ್ಯಂಕ (ಬಿ.ಎಂ.ಐ.) ಹುಟ್ಟಿದ್ದು ವೈದ್ಯರಿಂದಲ್ಲ. ಬೆಲ್ಜಿಯಂನ ಖಗೋಳಶಾಸ್ತ್ರಜ್ಞ, ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕ್ವೆಟೆಲೆ (1796-1874) 'ಸರಾಸರಿ ಮನುಷ್ಯ'ನನ್ನು ಹುಡುಕುತ್ತಿದ್ದ. ಆಕಾರ ಬದಲಾಗದೆ ದೇಹ ದೊಡ್ಡದಾಗುತ್ತ ಹೋದರೆ ತೂಕ ಎತ್ತರದ ಘನಕ್ಕೆ ಅನುಗುಣವಾಗಿ ಏರಬೇಕು. ಘನಾಕೃತಿಯ ಬದಿಯನ್ನು ಎರಡು ಪಟ್ಟು ಮಾಡಿದರೆ ಗಾತ್ರ ಎಂಟು ಪಟ್ಟಾಗುತ್ತದಲ್ಲವೆ? ಆದರೆ ವಯಸ್ಕರನ್ನು ಅಳೆದಾಗ ತೂಕ ಎತ್ತರದ ವರ್ಗಕ್ಕೆ ಹತ್ತಿರವಾಗಿ ಏರುವುದು ಅವನಿಗೆ ಕಂಡಿತು. ಎತ್ತರದವರು ಗಿಡ್ಡ ಜನರ ಹಿಗ್ಗಿಸಿದ ಪ್ರತಿಗಳಲ್ಲ, ತುಸು ನೀಳವಾಗಿರುತ್ತಾರೆ. 1835ರ ತನ್ನ ಗ್ರಂಥದಲ್ಲಿ ಅವನು ಇದನ್ನು ದಾಖಲಿಸಿದ. ಬೊಜ್ಜಿನ ಯೋಚನೆ ಅವನಿಗಿರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ತೂಕದ ಬಗ್ಗೆ ತಲೆಕೆಡಿಸಿಕೊಂಡವರು ಜೀವವಿಮಾ ಕಂಪನಿಗಳು. ಅಮೆರಿಕದ ಮೆಟ್ರೋಪಾಲಿಟನ್ ಲೈಫ್ ಕಂಪನಿಯ ಲೂಯಿ ಡಬ್ಲಿನ್ 1940ರ ದಶಕದ ಆರಂಭದಲ್ಲಿ 'ಆದರ್ಶ ತೂಕ'ದ ಕೋಷ್ಟಕಗಳನ್ನು ಹೊರತಂದ. ಬಳಿಕ ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಆನ್ಸೆಲ್ ಕೀಸ್ 1972ರಲ್ಲಿ ಹಲವು ಸೂತ್ರಗಳನ್ನು ಹೋಲಿಸಿ, ಕ್ವೆಟೆಲೆಯ ಸೂತ್ರವೇ ವಾಸಿಯೆಂದು ತೋರಿಸಿ ಅದಕ್ಕೆ 'ಬಾಡಿ ಮಾಸ್ ಇಂಡೆಕ್ಸ್' ಎಂದು ಹೆಸರಿಟ್ಟ. ಅವನು ಆಧರಿಸಿದ್ದು ಸುಮಾರು 7,400 ಗಂಡಸರ ಅಳತೆಗಳನ್ನು. ಅಮೆರಿಕ, ಫಿನ್ಲೆಂಡ್, ಇಟಲಿ, ಜಪಾನ್, ದಕ್ಷಿಣ ಆಫ್ರಿಕದವರು ಅವರಲ್ಲಿದ್ದರು. ಹೆಂಗಸರಿರಲಿಲ್ಲ, ಭಾರತದವರೂ ಇರಲಿಲ್ಲ.

ಸೂತ್ರ ಸುಲಭ: ಕಿಲೋಗ್ರಾಂಗಳಲ್ಲಿ ತೂಕವನ್ನು ಮೀಟರುಗಳಲ್ಲಿ ಎತ್ತರದ ವರ್ಗದಿಂದ ಭಾಗಿಸಿ. 160 ಸೆಂ.ಮೀ. ಎತ್ತರದ ವಯಸ್ಕರ ತೂಕ 64 ಕಿ.ಗ್ರಾಂ ಇದ್ದರೆ ಸೂಚ್ಯಂಕ 25. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಮಾನದಂಡದಂತೆ 25 ದಾಟಿದರೆ ಅತಿತೂಕ, 30 ದಾಟಿದರೆ ಬೊಜ್ಜು. ಆದರೆ ತಕ್ಕಡಿಗೆ ಕೊಬ್ಬು ಯಾವುದು, ಸ್ನಾಯು ಯಾವುದು ಎಂದು ತಿಳಿಯದು. ಶಿಲ್ಪಿಗೆ ಬೇರೆ ದೇಹಕ್ಕೆ ಬೇರೆ ತಾಳವಿತ್ತು. ಈ ಸೂಚ್ಯಂಕಕ್ಕೆ ಲೋಕವೆಲ್ಲ ಒಂದೇ ತಾಳ.

ಮಿಷನ್ ಆಸ್ಪತ್ರೆಯ ದಾಖಲೆಗಳು

ಈಗ ಮೈಸೂರು ನಗರದ ಆ ಆಸ್ಪತ್ರೆಗೆ ಬರೋಣ. ಮೈಸೂರಿಗರು 'ಮಿಷನ್ ಆಸ್ಪತ್ರೆ' ಎಂದು ಕರೆಯುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗಿತ್ತು. ತಾಯಂದಿರ ತೂಕವೂ ದಾಖಲಾಗಿತ್ತು. ಅಳೆದವರಿಗೆ ಇದು ದಿನನಿತ್ಯದ ಕೆಲಸ. ಅರ್ಧ ಶತಮಾನದ ನಂತರ ಯಾರೋ ಬಂದು ಈ ಪುಟಗಳನ್ನು ತೆರೆಯುತ್ತಾರೆಂದು ಅವರು ಎಣಿಸಿರಲಾರರು.

ತೆರೆದವರು ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಮತ್ತು ಕ್ಯಾರೊಲಿನ್ ಫಾಲ್ ಅವರ ತಂಡ ಹಾಗೂ ಆಸ್ಪತ್ರೆಯ ಸಂಶೋಧಕರು. ಹುಟ್ಟುವಾಗ ಮತ್ತು ಶೈಶವದಲ್ಲಿ ತೂಕ ಕಡಿಮೆ ಇದ್ದವರಿಗೆ ಮುಂದೆ ಹೃದ್ರೋಗದ ಸಾವು ಹೆಚ್ಚೆಂದು ಬಾರ್ಕರ್ ಹರ್ಟ್‌ಫರ್ಡ್‌ಷೈರಿನ ಹಳೆಯ ದಾಖಲೆಗಳ ಆಧಾರದಿಂದ 1989ರಲ್ಲಿ ತೋರಿಸಿದ್ದರು. ಭಾರತದಲ್ಲೂ ಇದು ನಿಜವೆ? ಮಿಷನ್ ಆಸ್ಪತ್ರೆಯಲ್ಲಿ 1934 ಮತ್ತು 1954ರ ನಡುವೆ ಹುಟ್ಟಿ, ಅದರ ಸಮೀಪದಲ್ಲೇ ವಾಸಿಸುತ್ತಿದ್ದ 517 ಮಂದಿಯನ್ನು ತಂಡ ಪರೀಕ್ಷಿಸಿತು. ಫಲಿತಾಂಶ 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಐದೂವರೆ ಪೌಂಡ್ (2.5 ಕಿ.ಗ್ರಾಂ) ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಹೃದ್ರೋಗದ ಪ್ರಮಾಣ ಶೇ. 11, ಏಳು ಪೌಂಡಿಗಿಂತ ಹೆಚ್ಚು ತೂಗಿದವರಲ್ಲಿ ಶೇ. 3. ಹುಟ್ಟುತೂಕವೂ ಕಡಿಮೆ, ಬಸುರಿನಲ್ಲಿ ತಾಯಿಯ ತೂಕವೂ 100 ಪೌಂಡಿಗಿಂತ ಕಡಿಮೆ ಇದ್ದ ಗುಂಪಿನಲ್ಲಿ ಅದು ಶೇ. 20. ಬಡಕಲು ತಾಯಿಯ ಬಡಕಲು ಮಗು ನಡುವಯಸ್ಸಿಗೆ ಬರುವ ಹೊತ್ತಿಗೆ ಹೃದಯದ ರೋಗಿ!

ಮಧುಮೇಹದ ಕಥೆ ಇಷ್ಟು ಸರಳವಾಗಿರಲಿಲ್ಲ. ಅದೇ ದಾಖಲೆಗಳ 506 ಮಂದಿಯ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಇಲ್ಲಿ ಮಧುಮೇಹ ಹೆಚ್ಚಾಗಿ ಕಂಡದ್ದು ಹುಟ್ಟುವಾಗ ಉದ್ದ ಕಡಿಮೆಯಿದ್ದು ಉದ್ದಕ್ಕೆ ಹೋಲಿಸಿದರೆ ದುಂಡಗಿದ್ದವರಲ್ಲಿ ಮತ್ತು ತಾಯಿಯ ತೂಕ ಸರಾಸರಿಗಿಂತ ಹೆಚ್ಚಿದ್ದವರಲ್ಲಿ. (ನವಜಾತ ಶಿಶುಗಳಿಗೆ ತೂಕವನ್ನು ಉದ್ದದ ವರ್ಗದಿಂದಲ್ಲ, ಘನದಿಂದ ಭಾಗಿಸುವ ಬೇರೊಂದು ಸೂಚ್ಯಂಕವನ್ನು ಬಳಸಲಾಗಿತ್ತು.) ಯುರೋಪಿನಲ್ಲಿ ಕಂಡದ್ದಕ್ಕೆ ಇದು ಪೂರ್ತಿ ಹೊಂದುವುದಿಲ್ಲ. ತೆಳ್ಳಗಿನ ತಾಯಿಯ ಮಗುವಿಗೆ ಒಂದು ಅಪಾಯ, ದಪ್ಪಗಿನ ತಾಯಿಯ ಮಗುವಿಗೆ ಇನ್ನೊಂದು. ಒಂದೇ ಊರು, ಒಂದೇ ಆಸ್ಪತ್ರೆ.

ಇದನ್ನು ಬಿಡಿಸಲು 1997-98ರಲ್ಲಿ ಅದೇ ಆಸ್ಪತ್ರೆಯ 830 ಬಸುರಿಯರೊಂದಿಗೆ 'ಮೈಸೂರು ಪಾರ್ಥೆನಾನ್ ಅಧ್ಯಯನ' ಶುರುವಾಯಿತು. ಪಾರ್ಥೆನಾನ್ ಎಂಬುದು ಗ್ರೀಸಿನ ಪ್ರಸಿದ್ಧ ದೇವಾಲಯದ ಹೆಸರು. ಸೋಮನಾಥಪುರದ ಪಕ್ಕದೂರಿನ ಸಂಶೋಧನೆಗೆ ಆ ಹೆಸರು ಬಂದದ್ದು ಒಂದು ತಮಾಷೆ. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಹುಟ್ಟಿದ ಮಕ್ಕಳನ್ನು ತೂಗಿದ್ದಷ್ಟೇ ಅಲ್ಲ, ಚರ್ಮದ ಮಡಿಕೆಯನ್ನು ಚಿಮುಟದಂಥ ಉಪಕರಣದಲ್ಲಿ ಹಿಡಿದು ಅದರಡಿಯ ಕೊಬ್ಬನ್ನು ಅಂದಾಜು ಮಾಡಿದರು. ಮೈಸೂರಿನ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ತೂಕ, ಉದ್ದ ಎಲ್ಲದರಲ್ಲೂ ಚಿಕ್ಕವು. ಆದರೆ ಬೆನ್ನಿನ ಮೇಲೆ, ಹೆಗಲ ಎಲುಬಿನ ಕೆಳಗಿನ ಮಡಿಕೆ ಉಳಿದ ಅಳತೆಗಳಷ್ಟು ಕುಗ್ಗಿರಲಿಲ್ಲ. ನಾಲ್ಕು ವರ್ಷಕ್ಕೆ ಬರುವಾಗ ಮಿಕ್ಕೆಲ್ಲ ಅಳತೆಗಳಲ್ಲಿ ಹಿಂದಿದ್ದ ಈ ಮಕ್ಕಳು ಆ ಮಡಿಕೆಯಲ್ಲಿ ಮಾತ್ರ ಬ್ರಿಟಿಷ್ ಮಾನದಂಡವನ್ನು ಮೀರಿದ್ದರು. ಬಸುರಿನಲ್ಲಿ ಮಧುಮೇಹ ಕಾಣಿಸಿಕೊಂಡ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದು ವರ್ಷಕ್ಕೇ ಕೊಬ್ಬು ಹೆಚ್ಚಿತ್ತು.

ಪುಣೆಯಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಇದನ್ನೇ ಕಂಡು ನಮ್ಮ ಶಿಶುಗಳನ್ನು 'ತೆಳ್ಳಗಿನ ದಪ್ಪ ಶಿಶು' ಎಂದು ಕರೆದರು. ಅವರೂ ಲಂಡನ್ನಿನ ಜಾನ್ ಯುಡ್ಕಿನ್ನರೂ 2004ರಲ್ಲಿ 'ಲ್ಯಾನ್ಸೆಟ್'ನಲ್ಲಿ ತಮ್ಮದೇ ಚಿತ್ರವೊಂದನ್ನು ಪ್ರಕಟಿಸಿದರು. ಇಬ್ಬರೂ ನೋಡಲು ತೆಳ್ಳಗೆ, ಇಬ್ಬರ ಸೂಚ್ಯಂಕವೂ 22.3. ದೇಹದ ಕೊಬ್ಬನ್ನು ಅಳೆದಾಗ ಯುಡ್ಕಿನ್ನರದು ಶೇ. 9.1, ಯಾಜ್ಞಿಕರದು ಶೇ. 21.2. ವಿಜ್ಞಾನಿಗಳು ತಮ್ಮ ಮೈಯನ್ನೇ ಪ್ರಯೋಗವಸ್ತುವಾಗಿ ಮುಂದಿಟ್ಟ ಇಂಥ ಹಾಸ್ಯಪ್ರಜ್ಞೆಯ ಪ್ರಬಂಧಗಳು ಕಡಿಮೆ.

ಹೀಗಾಗುವುದೇಕೆ? ಪ್ರಚಲಿತ ವಿವರಣೆ ಇದು. ಗರ್ಭದಲ್ಲಿ ಪೋಷಣೆ ಸಾಲದಾದಾಗ ಭ್ರೂಣ ಮೆದುಳನ್ನು ಕಾಪಾಡಿಕೊಂಡು ಸ್ನಾಯು ಮತ್ತು ಕೆಲವು ಒಳ ಅಂಗಗಳ ಬೆಳವಣಿಗೆಯಲ್ಲಿ ಉಳಿತಾಯ ಮಾಡುತ್ತದೆ. ಕೊಬ್ಬನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಊಟವಾದ ಮೇಲೆ ರಕ್ತದ ಗ್ಲೂಕೋಸನ್ನು ಮುಖ್ಯವಾಗಿ ಹೀರಿಕೊಳ್ಳಬೇಕಾದದ್ದು ಸ್ನಾಯು. ಸ್ನಾಯು ಕಡಿಮೆ, ಹೊಟ್ಟೆಯೊಳಗೂ ಯಕೃತ್ತಿನಲ್ಲೂ ಕೊಬ್ಬು ಹೆಚ್ಚು ಎಂದಾದರೆ ಇನ್ಸುಲಿನ್ ಎಷ್ಟಿದ್ದರೂ ಸಾಲದು. ಮುಂದೆ ಅನ್ನ, ಸಕ್ಕರೆ, ಎಣ್ಣೆ ಧಾರಾಳವಾಗಿ ದೊರೆತು ಮೈ ಬಗ್ಗಿಸುವ ಕೆಲಸ ತಪ್ಪಿದಾಗ ಈ ದೇಹ ಬೇಗ ಸೋಲುತ್ತದೆ. ಇದರಲ್ಲಿ ವಂಶವಾಹಿಗಳ ಪಾಲೂ ಇದೆ.

ಈ ಬಗೆಯ ಅಧ್ಯಯನಗಳ ಫಲವಾಗಿ ತಾಳ ಬದಲಾಯಿತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಾಲೋಚನೆ ಏಷ್ಯದವರಿಗೆ 23 ಮತ್ತು 27.5ರ ಹೆಚ್ಚುವರಿ ಎಚ್ಚರಿಕೆ ಗೆರೆಗಳನ್ನು ಸೂಚಿಸಿತು. 2009ರಲ್ಲಿ ಭಾರತದ ವೈದ್ಯರು 23 ಮೀರಿದರೆ ಅತಿತೂಕ, 25 ಮುಟ್ಟಿದರೆ ಬೊಜ್ಜು ಎಂದು ಒಮ್ಮತಕ್ಕೆ ಬಂದರು. ಸೊಂಟದ ಸುತ್ತಳತೆಗೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮಿತಿ ಹಾಕಿದರು. ಮೇಲಿನ ಉದಾಹರಣೆಯ 160 ಸೆಂ.ಮೀ. ಎತ್ತರದ ವ್ಯಕ್ತಿಗೆ ಅಮೆರಿಕದಲ್ಲಿ ಬೊಜ್ಜಿನ ಪಟ್ಟ ಸಿಗಲು ಸುಮಾರು 77 ಕಿ.ಗ್ರಾಂ ತೂಗಬೇಕು, ಭಾರತದಲ್ಲಿ 64 ಸಾಕು.

ವಾದ, ಪ್ರತಿವಾದ

ಅಷ್ಟರಲ್ಲಿ ಅಮೆರಿಕದಲ್ಲಿ ಬೇರೊಂದು ಚರಿತ್ರೆ ನಡೆದಿತ್ತು. ದಪ್ಪಗಿರುವವರಿಗೆ ಉದ್ಯೋಗದಲ್ಲಿ, ಆಸ್ಪತ್ರೆಯಲ್ಲಿ ಆಗುವ ತಾರತಮ್ಯದ ವಿರುದ್ಧ 1969ರಲ್ಲಿ ನ್ಯೂಯಾರ್ಕಿನಲ್ಲಿ ಬಿಲ್ ಫೇಬ್ರಿ ಒಂದು ಸಂಘ ಕಟ್ಟಿದ. 1973ರಲ್ಲಿ ಕ್ಯಾಲಿಫೋರ್ನಿಯದ ಮಹಿಳೆಯರು ತೂಕ ಇಳಿಸುವ ವ್ಯಾಪಾರವನ್ನು ಖಂಡಿಸಿ ಪ್ರಣಾಳಿಕೆ ಹೊರಡಿಸಿದರು. ಇಂದಿನ ಬಾಡಿ ಪಾಸಿಟಿವಿಟಿಯ ಮೂಲ ಇಲ್ಲಿದೆ. 2013ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಬೊಜ್ಜನ್ನು ರೋಗವೆಂದು ಘೋಷಿಸಿದಾಗ ವಾದ ಕಾವೇರಿತು.

ಚಳವಳಿಯ ಒಂದು ಮಾತನ್ನು ವಿಜ್ಞಾನ ಒಪ್ಪಿದೆ. ಅವಮಾನದಿಂದ ಬೊಜ್ಜು ಕರಗುವುದಿಲ್ಲ. ನಿಂದನೆಗೆ ಗುರಿಯಾದವರು ವೈದ್ಯರ ಬಳಿ ಹೋಗಲು ಹಿಂಜರಿಯುತ್ತಾರೆ, ಅನೇಕರಲ್ಲಿ ತೂಕ ಇನ್ನೂ ಏರುತ್ತದೆ. 2020ರಲ್ಲಿ ಹಲವು ದೇಶಗಳ ತಜ್ಞರು ಈ ಕಳಂಕವನ್ನು ತೊಡೆಯಬೇಕೆಂದು ಜಂಟಿ ಹೇಳಿಕೆ ಪ್ರಕಟಿಸಿದರು. ತೂಕ ಬರೀ ಮನೋಬಲದ ಪ್ರಶ್ನೆಯಲ್ಲ ಎಂಬುದಕ್ಕೂ ಪುರಾವೆ ಹಳೆಯದು. ಅದೇ ಆನ್ಸೆಲ್ ಕೀಸ್ 1944-45ರಲ್ಲಿ ಮಿನ್ನೆಸೋಟದಲ್ಲಿ 36 ಸ್ವಯಂಸೇವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ತೂಕದ ಕಾಲುಭಾಗ ಇಳಿಸಿದ. ಅವರಿಗೆ ಊಟದ ಹೊರತು ಬೇರೆ ಯೋಚನೆಯೇ ಇರಲಿಲ್ಲ. ಪ್ರಯೋಗ ಮುಗಿದ ಮೇಲೆ ಕೊಬ್ಬು ಮೊದಲಿಗಿಂತ ಹೆಚ್ಚೇ ಮರಳಿತು. ಈಗಿನ ಹೊಸ ಔಷಧಿಗಳಲ್ಲೂ ದೇಹದ ಈ ಹಟ ಕಾಣುತ್ತದೆ. ಸೆಮಾಗ್ಲುಟೈಡ್ ವಾರಕ್ಕೊಮ್ಮೆ ಚುಚ್ಚಿಸಿಕೊಂಡವರ ತೂಕ 68 ವಾರಗಳಲ್ಲಿ ಸರಾಸರಿ ಶೇ. 15ರಷ್ಟು ಇಳಿದುದು 2021ರಲ್ಲಿ ವರದಿಯಾಯಿತು. ಚುಚ್ಚುಮದ್ದು ನಿಲ್ಲಿಸಿದ ವರ್ಷದೊಳಗೆ ಇಳಿದ ತೂಕದ ಮೂರನೆಯ ಎರಡು ಭಾಗ ವಾಪಸು ಬಂತು. 2025ರಿಂದ ತೂಕ ಇಳಿಸುವ ಈ ಮದ್ದು ಭಾರತದ ಪೇಟೆಯಲ್ಲೂ ಇದೆ.

ಚಳವಳಿಯ ಇನ್ನೊಂದು ಮಾತು, ಬೊಜ್ಜಿದ್ದರೂ ಆರೋಗ್ಯ ಕೆಡದು ಎಂಬುದು, ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಬ್ರಿಟನ್ನಿನ 35 ಲಕ್ಷ ಜನರ ವೈದ್ಯಕೀಯ ದಾಖಲೆಗಳ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಬೊಜ್ಜಿದ್ದೂ ಮಧುಮೇಹ, ರಕ್ತದೊತ್ತಡ, ಕೊಲೆಸ್ಟರಾಲಿನ ತೊಂದರೆ ಯಾವುದೂ ಇಲ್ಲದವರಿಗೂ ಹೃದ್ರೋಗದ ಸಂಭವ ಸಾಮಾನ್ಯ ತೂಕದ ಆರೋಗ್ಯವಂತರ ಒಂದೂವರೆ ಪಟ್ಟು ಇತ್ತು. ಮೈಯನ್ನು ಗೌರವಿಸಬೇಕೆಂಬುದು ನ್ಯಾಯದ ಮಾತು. ಮೈಯಲ್ಲಿ ಅಪಾಯವಿಲ್ಲವೆಂಬುದು ಅಳತೆಗೆ ಒಳಪಡಬೇಕಾದ ಮಾತು. ಮೊದಲನೆಯದನ್ನು ಒಪ್ಪಿದೊಡನೆ ಎರಡನೆಯದು ತಾನಾಗಿ ನಿಜವಾಗುವುದಿಲ್ಲ.

ವೈದ್ಯರ ಪಕ್ಷವೂ ತನ್ನ ತೂಕದ ಗೀಳನ್ನು ಸಡಿಲಿಸಬೇಕಾಗಿದೆ. ಇದಕ್ಕೆ ಒಳ್ಳೆಯ ಸಾಕ್ಷ್ಯ ನೆರೆಯ ಚೆನ್ನೈಯಿಂದ ಬಂದಿದೆ. ಡಾ. ಎ. ರಾಮಚಂದ್ರನ್ ತಂಡ ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ವರದಿ ನೀಡಿತು. ಸಾಮಾನ್ಯ ಸಲಹೆಯಷ್ಟೇ ಪಡೆದವರಲ್ಲಿ ಶೇ. 55 ಮಂದಿ ಮಧುಮೇಹಿಗಳಾದರು. ನಡಿಗೆ ಮತ್ತು ಆಹಾರ ಬದಲಾಯಿಸಿಕೊಂಡವರಲ್ಲಿ ಶೇ. 39.3. ಸ್ವಾರಸ್ಯವೆಂದರೆ ಈ ಎರಡನೆಯ ಗುಂಪಿನ ಸರಾಸರಿ ತೂಕ ಗಣನೀಯವಾಗಿ ಇಳಿದಿರಲೇ ಇಲ್ಲ. ತಕ್ಕಡಿಯ ಮುಳ್ಳು ನಿಂತಲ್ಲೇ ನಿಂತಿತ್ತು, ಒಳಗೆ ದೇಹ ಸುಧಾರಿಸಿತ್ತು. ತಿಂಗಳು ನಡೆದೂ ಒಂದು ಕಿಲೋ ಇಳಿಯಲಿಲ್ಲವೆಂದು ನಡಿಗೆಯನ್ನೇ ಬಿಟ್ಟವರು ನಮ್ಮಲ್ಲಿ ಎಷ್ಟು ಮಂದಿ!

2025ರ ಜನವರಿಯಲ್ಲಿ 'ಲ್ಯಾನ್ಸೆಟ್' ನೇಮಿಸಿದ ಅಂತರರಾಷ್ಟ್ರೀಯ ಆಯೋಗ ಸೂಚ್ಯಂಕವೊಂದನ್ನೇ ನಂಬಿ ಬೊಜ್ಜನ್ನು ನಿರ್ಣಯಿಸಬಾರದು ಎಂದಿತು. ಕೊಬ್ಬು ಹೆಚ್ಚಿದ್ದೂ ಅಂಗಾಂಗಗಳಿಗೆ ತೊಂದರೆಯಾಗದ ಸ್ಥಿತಿ, ತೊಂದರೆಯಾಗಿರುವ ಸ್ಥಿತಿ ಎಂದು ಎರಡು ಹಂತ ಮಾಡಿತು. ಎರಡನೆಯದನ್ನು ಮಾತ್ರ ರೋಗವೆಂದಿತು. ಅದೇ ತಿಂಗಳು ಭಾರತದ ತಜ್ಞರೂ ಹೆಚ್ಚುಕಡಿಮೆ ಇದೇ ಬಗೆಯ ಎರಡು ಹಂತಗಳನ್ನು ಪ್ರಕಟಿಸಿದರು.

ಶಾಲೆಯ ತಕ್ಕಡಿ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಮಹಿಳೆಯರಲ್ಲಿ ಸುಮಾರು ಶೇ. 30ರಷ್ಟು ಮಂದಿಯ ಸೂಚ್ಯಂಕ 25 ಅಥವಾ ಹೆಚ್ಚು, ಸುಮಾರು ಶೇ. 17ರಷ್ಟು ಮಂದಿಯದು 18.5ಕ್ಕಿಂತ ಕಡಿಮೆ. ಒಂದೇ ಹಳ್ಳಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಎರಡೂ ಇವೆ. ಮೈಸೂರಿನ ದಾಖಲೆಗಳನ್ನು ಓದಿದವರಿಗೆ ಇವು ಎರಡು ಬೇರೆ ಸಮಸ್ಯೆಗಳಾಗಿ ಕಾಣುವುದಿಲ್ಲ. ತೂಕ ಸಾಲದ ಹುಡುಗಿ ನಾಳೆಯ ಬಸುರಿ. ಅವಳ ಮಗು ಚಿಕ್ಕದಾಗಿ ಹುಟ್ಟಿ, ಬೆಳೆದು, ಸಣಕಲು ಕೈಕಾಲಿನ ಜೊತೆ ಡೊಳ್ಳು ಹೊಟ್ಟೆ ಹೊತ್ತ ನಡುವಯಸ್ಸಿನ ಮಧುಮೇಹಿಯಾಗಬಹುದು. ತರಗತಿಯಲ್ಲಿ ನಗೆಗೀಡಾಗುವ 'ಡುಮ್ಮ'ನಷ್ಟೇ, ಯಾರ ಗಮನಕ್ಕೂ ಬಾರದ 'ನರಪೇತಲ'ನೂ ನಮ್ಮ ಲೆಕ್ಕದಲ್ಲಿರಬೇಕು.

ಶಿಕ್ಷಕರಿಗೆ ಒಂದು ಸೂಚನೆ. ವಯಸ್ಕರ 23, 25ರ ಗೆರೆಗಳನ್ನು ಬೆಳೆಯುವ ಮಕ್ಕಳಿಗೆ ಹಚ್ಚಬಾರದು. ಅವರಿಗೆ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಬೆಳವಣಿಗೆಯ ನಕ್ಷೆಗಳೇ ಬೇರೆ ಇವೆ. ತೂಗುವುದಾದರೆ ಒಬ್ಬೊಬ್ಬರನ್ನೇ ಒಳಗೆ ಕರೆದು ತೂಗಿ, ಸಂಖ್ಯೆಯನ್ನು ಕೂಗದೆ ಬರೆದುಕೊಳ್ಳಿ.

ವಿದ್ಯಾರ್ಥಿಗಳು ಮನೆಯಲ್ಲಿ ಮಾಡಬಹುದಾದ ಅಳತೆಯೊಂದಿದೆ. ಅದಕ್ಕೆ ತಕ್ಕಡಿ ಬೇಡ, ಒಂದು ದಾರ ಸಾಕು. ಹಿರಿಯರೊಬ್ಬರನ್ನು ಗೋಡೆಗೆ ನಿಲ್ಲಿಸಿ ಅವರ ಎತ್ತರದಷ್ಟು ದಾರ ಕತ್ತರಿಸಿ. ಅದನ್ನು ಸರಿಯಾಗಿ ಎರಡಾಗಿ ಮಡಿಸಿ. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ, ಉಸಿರನ್ನು ಸಹಜವಾಗಿ ಹೊರಬಿಟ್ಟಾಗ, ಮಡಿಸಿದ ದಾರವನ್ನು ಸುತ್ತಿ ನೋಡಿ. ತುದಿಗಳು ಕೂಡಿದರೆ ಸರಿ. ಕೂಡದಿದ್ದರೆ ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಿರುವ ಸಂಭವವಿದೆ, ರಕ್ತದ ಸಕ್ಕರೆ ಮತ್ತು ರಕ್ತದೊತ್ತಡವನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕೆಂಬ ಈ ನಿಯಮವನ್ನು ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ 2022ರಲ್ಲಿ ಅಂಗೀಕರಿಸಿದೆ. ಅಂಗುಲವೂ ಬೇಡ, ಸೆಂಟಿಮೀಟರೂ ಬೇಡ. ಮೂರ್ತಿಯ ಮುಖದಿಂದಲೇ ಮೂರ್ತಿಯನ್ನು ಅಳೆಯುತ್ತಿದ್ದ ಶಿಲ್ಪಿಯ ಹಾಗೆ ಇಲ್ಲಿಯೂ ಅಳತೆಗೋಲು ಆಯಾ ದೇಹದ್ದೇ.